ಊರು ಬಿಟ್ಟವರ ಹೆಸರು ಕಾದ ಕಾಶೀರಾಮ ಕಾಕಾ

ಮೊದಲಿಗೇ ಹೇಳಿಬಿಡಬೇಕು. ಅಕ್ಷರ ಚೆಂದವಿಲ್ಲ, ಸಾಲುಗಳು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗೆ ಇಳಿದಿವೆ. ಒಂಬತ್ತನೆಯ ತರಗತಿಯ ಮಧ್ಯದಲ್ಲಿ ಸಾಲೆ ಬಿಟ್ಟ ಕೈ ಇದು. ಮನೆಯಲ್ಲಿ ಆಡುವ ಮಾತು ಬೇರೆ, ಪುಸ್ತಕದ ಕನ್ನಡ ಬೇರೆ. ಎಲ್ಲಾದರೂ ಮಾತು ಎಡವಿದ್ದರೆ ಓದುವವರು ಕ್ಷಮಿಸಬೇಕು. ಇದರಲ್ಲಿ ಬರುವ ಕುಬರಾ ಎಂಬ ಹುಡುಗಿ ಬರೆದವಳೇ. ‘ನಾನು’ ಎಂದು ಬರೆಯಹೋದರೆ ಕೈ ನಿಂತುಬಿಡುತ್ತದೆ, ಹೆಸರು ಹಿಡಿದು ಬರೆದರೆ ಮುಂದೆ ಹೋಗುತ್ತದೆ. ಆದರೆ ಇದು ಅವಳ ಕಥೆಯಲ್ಲ, ಕಾಶೀರಾಮ ಕಾಕಾ ಅವರದು.

ಔರಾದಿನಿಂದ ಚಿಂತಾಕಿಗೆ ಹೋಗುವ ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಅವರ ಊರು. ಅಲ್ಲಿಯ ಬುದ್ಧವಿಹಾರದ ಹಿಂದೆ ತಗಡು ಹೊದಿಸಿದ ಒಂದು ಕೋಣೆ ಇದೆ. ಬೇಸಿಗೆಯಲ್ಲಿ ಅದರೊಳಗೆ ಕಾಲಿಟ್ಟರೆ ಬ್ರೆಡ್ಡಿನ ಭಟ್ಟಿಗೆ ಕಾಲಿಟ್ಟಂತೆಯೇ. ಒಂದು ಕಂಪ್ಯೂಟರು, ಒಂದು ಬೆಂಚು, ಮೂಲೆಯಲ್ಲಿ ನೀರಿನ ಮಡಕೆ, ಮತ್ತು ಕಾಕಾ. ಕೋಣೆಯಲ್ಲಿ ಇದ್ದದ್ದು ಇಷ್ಟೇ.

ಕಾಕಾ ಬಹಳ ಓದಿದವರಲ್ಲ. ಬೀದರಿನ ಕೊಳಾರದಲ್ಲಿ ಒಂದು ಗೋದಾಮಿನ ಕಾವಲಿಗೆ ಇದ್ದರು. ಆ ಗೋದಾಮು ಮುಚ್ಚಿದ ದಿನ ಆಫೀಸಿನ ಹಳೆಯ ಕಂಪ್ಯೂಟರುಗಳನ್ನು ಗುಜರಿಯವನ ಟೆಂಪೋಗೆ ಎತ್ತಿ ಹಾಕುತ್ತಿದ್ದರಂತೆ. ಕಾಕಾ ಹೋಗಿ ಅಡ್ಡ ನಿಂತರು.

“ಇವು ನನಗ ಕೊಡ್ರಿ ಸಾಹೇಬ್ರ.”

“ಕೆಟ್ಟಾವೋ ಮಾರಾಯಾ, ತಗೊಂಡು ಏನ್ ಮಾಡ್ತಿ?” ಎಂದರು ಮ್ಯಾನೇಜರು.

“ಕೆಟ್ಟಿಲ್ರಿ. ನನ್ನಂಗ ಮುದುಕ ಆಗ್ಯಾವ, ಅಷ್ಟೇ.”

ಮ್ಯಾನೇಜರು ನಕ್ಕು ಕೊಟ್ಟುಬಿಟ್ಟರು. ಕಾಕಾ ಅವನ್ನು ಬೀದರಿನ ಹಳೆಯ ಊರಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ರಶೀದ ಅಹ್ಮದರ ಬಳಿ ಒಯ್ದರು. ರಶೀದ ಅಹ್ಮದರು ಒಂದೊಂದನ್ನೂ ಬಿಚ್ಚಿ, ಊದಿ, ಒರೆಸಿ ನೋಡಿದರು.

“ಇವುಕ್ಕ ಈಗಿನ ವಿಂಡೋಸ್ ಹಾಕಿದ್ರ, ಚಾಲೂ ಆಗೋತನಕ ನೀವು ಔರಾದಿಗಿ ಹೋಗಿ ಚಾ ಕುಡ್ದು ಬರ್ಬಹುದು, ಕಾಶೀರಾಮ ಭಾಯಿ. ಲಿನಕ್ಸ್ ಹಾಕ್ತೇನಿ. ಅದರಾಗೂ ಹಗುರಂದು ನೋಡಿ ಹಾಕ್ತೇನಿ.”

ಹಗುರವಾದದ್ದನ್ನು ಹಾಕಿದ್ದಷ್ಟೇ ಅಲ್ಲ, ಅದು ಹೇಗೆ ಏಳುತ್ತದೆ ಎಂಬುದನ್ನೂ ಕಾಕಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ಹೆಸರು ಒತ್ತಿ, ಗುಪ್ತಪದ ಕೊಟ್ಟು ಒಳಗೆ ಹೋದ ಕೂಡಲೇ ಯಾವ ಯಾವ ಪ್ರೋಗ್ರಾಮು ತಾನಾಗಿಯೇ ಏಳಬೇಕು ಎಂಬುದು ‘ಆಟೊಸ್ಟಾರ್ಟ್’ ಎಂಬ ಒಂದು ಪುಟ್ಟ ಫೈಲಿನಲ್ಲಿ ಇರುತ್ತದೆ. ಒಂದು ಸಾಲಿಗೆ ಒಂದು ಪ್ರೋಗ್ರಾಮು. ಒಂದು ಸಾಲಿನಿಂದ ಕೆಳಗಿನ ಪಟ್ಟಿ ಬರುತ್ತದೆ, ಇನ್ನೊಂದರಿಂದ ಹಿಂದಿನ ಚಿತ್ರ ಮತ್ತು ಫೋಲ್ಡರುಗಳು ಬರುತ್ತವೆ. ಬೇಡದ ಸಾಲು ತೆಗೆದರೆ ಕಂಪ್ಯೂಟರಿಗೆ ಭಾರ ಇಳಿಯುತ್ತದೆ. ಬೇಕಾದ ಸಾಲು ಸೇರಿಸಿದರೆ ಮಕ್ಕಳು ಬಂದು ಕೂತ ಕೂಡಲೇ ಟೈಪಿಂಗ್ ಪಾಠವೇ ಎದುರಿಗೆ ಬಂದು ನಿಲ್ಲುತ್ತದೆ. ಸಾಲಿನ ಮೊದಲಿಗೆ @ ಗುರುತು ಹಾಕಿದರೆ, ಆ ಪ್ರೋಗ್ರಾಮು ನಡುವೆ ಎಲ್ಲಿಯಾದರೂ ಬಿದ್ದುಹೋದರೂ ಡೆಸ್ಕ್‌ಟಾಪು ಅದನ್ನು ಮತ್ತೆ ಎಬ್ಬಿಸುತ್ತದೆ.

“ಬಿದ್ದದ್ದು ತಾನೇ ಏಳ್ತದ?” ಕಾಕಾ ಕೇಳಿದ್ದರು.

“ಎಷ್ಟು ಸಲ ಬಿದ್ರೂ ಏಳ್ತದ.”

ಆ @ ಗುರುತು ಕಾಕಾ ಅವರಿಗೆ ಬಹಳ ಹಿಡಿಸಿತು. ಊರಿಗೆ ಬಂದು ಎಲ್ಲರ ಹೆಸರಿಗೂ ನಡೆಯುವ ಫೈಲಿನಲ್ಲಿ ಟೈಪಿಂಗ್ ಸಾಲಿನ ಮುಂದೆ ಅದನ್ನು ಹಾಕಿಟ್ಟರು.

ವರ್ಷ ಕಳೆದಂತೆ ಕಂಪ್ಯೂಟರುಗಳು ಒಂದೊಂದಾಗಿ ನಿಂತವು. ಸತ್ತದ್ದರ ಭಾಗ ತೆಗೆದು ಬದುಕಿದ್ದಕ್ಕೆ ಹಾಕುತ್ತ ಹಾಕುತ್ತ ಕೊನೆಗೆ ಉಳಿದದ್ದು ಒಂದೇ. ಅದರಲ್ಲಿಯೇ ಊರಿನ ಮಕ್ಕಳೆಲ್ಲರ ಹೆಸರು, ಒಂದೊಂದು ಹೆಸರಿಗೂ ಒಂದು ಫೋಲ್ಡರು, ಕಾಕಾ ಅವರೇ ಕೊಟ್ಟ ಒಂದು ಗುಪ್ತಪದ. ಪಾಳಿ ಹಚ್ಚಿ ಕೂರುತ್ತಿದ್ದರು.

ಕುಬರಾ ಅಲ್ಲಿಗೆ ಬರತೊಡಗಿದ್ದು ಸಾಲೆ ಬಿಟ್ಟ ಮೇಲೆ. ಹೈಸ್ಕೂಲು ದೂರ. ದಾದಿ, ಅಂದರೆ ಅಪ್ಪನ ತಾಯಿ ಕುಲಸುಮಬೀ ಅವರಿಗೆ ಮಂಡಿನೋವು. ಟ್ಯಾಂಕರು ಬರುವುದು ಸಾಲೆಯ ಹೊತ್ತಿಗೇ. ನೀರು ಹಿಡಿಯುವವರು ಬೇರೆ ಯಾರೂ ಇರಲಿಲ್ಲ. ಅಬ್ಬಾ ಹಬೀಬ ಗೌಂಡಿ, ಗೋಡೆ ಕಟ್ಟುವವರು. ಅವರೂ ಅಮ್ಮಿ ಬದರುನ್ನಿಸಾ ಅವರೂ ತಮ್ಮನನ್ನು ಎತ್ತಿಕೊಂಡು ಹೈದರಾಬಾದಿಗೆ ದುಡಿಯಲು ಹೋಗಿದ್ದರು. ಕೊಡ ತುಂಬಿಟ್ಟ ಮೇಲೆ ಅವಳು ವಿಹಾರದ ಹಿಂದಿನ ಕೋಣೆಗೆ ಬರುತ್ತಿದ್ದಳು. ಬಾಗಿಲಲ್ಲಿ ನಿಂತೇ ಇರುತ್ತಿದ್ದಳು, ಒಳಗೆ ಬಾ ಎನ್ನುವ ತನಕ.

“ಬಾ ಒಳಗ. ಬಾಗಲಿಗಿ ಮೊಳಿ ಹೊಡ್ದಂಗ ನಿಂತಿ ನೋಡು,” ಎನ್ನುತ್ತಿದ್ದರು ಕಾಕಾ.

ಅವಳು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ತನ್ನ ಹೆಸರಿನಲ್ಲಿ ಒಳಗೆ ಹೋದಾಗ ಕನ್ನಡ ಟೈಪಿಂಗ್ ಮಾತ್ರ ಬರಲಿ ಎಂದು ತನ್ನ ಫೋಲ್ಡರಿನಲ್ಲಿ ಹೊಸದೊಂದು ಆಟೊಸ್ಟಾರ್ಟ್ ಫೈಲು ಮಾಡಿ, ಅದರಲ್ಲಿ ಒಂದೇ ಒಂದು ಸಾಲು ಬರೆದಳು. ಹೊರಗೆ ಬಂದು ಮತ್ತೆ ಒಳಗೆ ಹೋದರೆ ಕೆಳಗಿನ ಪಟ್ಟಿ ಇಲ್ಲ, ಚಿತ್ರವಿಲ್ಲ, ಫೋಲ್ಡರಿಲ್ಲ. ಕಪ್ಪು ಪರದೆ, ನಡುವೆ ಒಂದೇ ಟೈಪಿಂಗ್ ಕಿಟಕಿ. ಅವಳು ಅತ್ತೇಬಿಟ್ಟಳು.

ಕಾಕಾ ಕನ್ನಡಕ ಏರಿಸಿ ನೋಡಿ ನಕ್ಕರು. “ಅಳಬ್ಯಾಡ. ನಿಂದು ಅಂತ ಒಂದು ಫೈಲು ಇದ್ರ, ಮಷೀನು ಎಲ್ಲಾರದೂ ಅಂತ ಇರೋ ಫೈಲು ಬಿಟ್ಟು ನಿಂದೇ ಕೇಳ್ತದ. ನೀ ಅದರಾಗ ಏನ್ ಬರ್ದಿ? ಒಂದೇ. ಹಂಗಾರ ಒಂದೇ ಬಂತು. ಅದರದು ಏನ್ ತಪ್ಪದ? ಮೊದಲ ಎಲ್ಲಾರದೂ ನಕಲು ಮಾಡ್ಕೊ, ಆಮ್ಯಾಲ ನಿಂದು ಸೇರ್ಸು.”

ಅಂದಿನಿಂದ ಅವಳು ಏನನ್ನು ಬದಲಿಸುವ ಮೊದಲೂ ಹಳೆಯದನ್ನು ನಕಲು ಮಾಡಿಟ್ಟುಕೊಳ್ಳುತ್ತಿದ್ದಳು.

ಈಗ ಊರಿನ ಒಂದು ರೂಢಿ ಹೇಳಬೇಕು. ಮಳೆ ಕೈಕೊಟ್ಟ ವರ್ಷ ದಸರಾ ಮುಗಿಯುತ್ತಲೇ ಮಂದಿ ಕೂಲಿ ಹುಡುಕಿಕೊಂಡು ಭಾಲ್ಕಿಗೆ ಹೋಗಿ ರೈಲು ಹತ್ತುತ್ತಾರೆ. ಹೋಗುವವರು ಬೀಗ ಹಾಕಿ, ಉಳಿದವರ ಪೈಕಿ ಒಬ್ಬರಿಗೆ ಹೊಸ್ತಿಲು ಒಪ್ಪಿಸುತ್ತಾರೆ. ಒಪ್ಪಿಕೊಂಡವರು ವಾರಕ್ಕೊಮ್ಮೆ ಆ ಹೊಸ್ತಿಲು ತೊಳೆದು, ಪಕ್ಕದ ಗೂಡಿನಲ್ಲಿ ಒಂದು ದೀಪ ಇಡಬೇಕು. ಇಲ್ಲದಿದ್ದರೆ ಅದು ಪಾಳು ಮನೆ ಎನಿಸಿಕೊಳ್ಳುತ್ತದೆ. ಹೋದವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನೀರಿನ ಬರದಲ್ಲಿ ತೊಳೆಯುವುದು ಹೋಗಿ ಒದ್ದೆ ಬಟ್ಟೆಯಲ್ಲಿ ಒರೆಸುವುದಾಯಿತು, ದೀಪ ಮಾತ್ರ ಉಳಿಯಿತು. ಕಾಕಾ ಅವರ ಹೆಂಡತಿ ಕೌಸಲ್ಯಾಬಾಯಿ ತಮ್ಮ ಓಣಿಯ ಮುಕ್ಕಾಲು ಮನೆಗಳಿಗೆ ದೀಪ ಇಡುತ್ತಿದ್ದರು.

ಮಕ್ಕಳೂ ಅಪ್ಪ ಅವ್ವನ ಸಂಗಡ ಹೊರಟಾಗ ಅವರ ಹೆಸರುಗಳು ಕಂಪ್ಯೂಟರಿನಲ್ಲಿ ಉಳಿದವು. ಯಾರೂ ಕಾಕಾ ಅವರಿಗೆ ಒಪ್ಪಿಸಿರಲಿಲ್ಲ. ತಾವೇ ಒಪ್ಪಿಕೊಂಡರು. ಬೆಳಿಗ್ಗೆ ಕೋಣೆ ಗುಡಿಸಿದ ಮೇಲೆ ಹೋದ ಮಕ್ಕಳ ಹೆಸರು ಒಂದೊಂದಾಗಿ ತೆರೆಯುವರು. ಚಿತ್ರ ಬರಬೇಕು, ಪಟ್ಟಿ ಬರಬೇಕು, ಟೈಪಿಂಗ್ ಪಾಠ ಬಂದು ನಿಲ್ಲಬೇಕು. ಬಂದದ್ದು ನೋಡಿ ಮುಂದಿನ ಹೆಸರಿಗೆ ಹೋಗುವರು. ಆದರೆ ಮುಚ್ಚಿ ಹೊರಗೆ ಬರುತ್ತಿರಲಿಲ್ಲ. ಒಬ್ಬರನ್ನು ಹಾಗೆಯೇ ಇಟ್ಟು ಇನ್ನೊಬ್ಬರನ್ನು ತೆರೆಯುವ ಒಂದು ಗುಂಡಿ ಇದೆಯಲ್ಲ, ಅದನ್ನೇ ಒತ್ತುವರು. ಮುಚ್ಚುವುದೆಂದರೆ ಹಚ್ಚಿದ ದೀಪವನ್ನು ಊದಿದ ಹಾಗೆ ಅವರಿಗೆ. ಸಂಜೆ ಕರೆಂಟಿನ ಸ್ವಿಚ್ಚು ಆರಿಸುವ ತನಕ ಎಲ್ಲ ಹೆಸರುಗಳೂ ಒಳಗೇ ಎದ್ದಿರುತ್ತಿದ್ದವು.

ಕೌಸಲ್ಯಾಬಾಯಿ ಒಮ್ಮೆ ಬುತ್ತಿ ತಂದಾಗ ಇದನ್ನು ನೋಡಿ ಅಂದರು, “ನಾ ಇಟ್ಟ ದೀಪ ಎಣ್ಣಿ ತೀರಿದ್ರ ತಾನೇ ಆರ್ತದ. ನೀವು ಹಚ್ಚಿದ್ದು ಆರೋದೇ ಇಲ್ಲಲ್ಲ. ಎಣ್ಣಿ ಯಾರ್ದು?”

“ಕರೆಂಟಿಂದು,” ಎಂದರು ಕಾಕಾ, ರೊಟ್ಟಿ ಮುರಿಯುತ್ತ.

ಎರಡನೆಯ ವರ್ಷವೂ ಮಳೆ ಬರಲಿಲ್ಲ. ಬರುವ ಮಕ್ಕಳು ಕಡಿಮೆಯಾಗುತ್ತ ಕೊನೆಗೆ ದಿನಾ ಬರುವವಳು ಕುಬರಾ ಒಬ್ಬಳೇ ಆದಳು. ವಿಹಾರದ ಸಮಿತಿಗೆ ನೀರಿನ ದೊಡ್ಡ ಟಾಕಿಗಳನ್ನು ಇಡಲು ನೆರಳಿನ ಜಾಗ ಬೇಕಿತ್ತು. ಸಮಿತಿಯ ಏಕನಾಥ ಬಂದು ಬಾಗಿಲಲ್ಲೇ ನಿಂತು ಮಾತಾಡಿದರು.

“ಕಾಕಾ, ಒಂದು ಹುಡುಗಿ ಬರ್ತದಲ್ಲ, ಅದು ಬರೋತನಕ ಕೋಣಿ ನಿಮ್ದು. ಒಂದು ಪೋರಿ ಕಲೀತದ ಅಂದ್ರ ನಾವು ಅಡ್ಡ ಬರಂಗಿಲ್ಲ. ಅದು ನಿಂತ್ರ ಮಾತ್ರ ಬಿಟ್ಟುಕೊಡ್ರಿ. ಮಂದಿಗಿ ನೀರೂ ಬೇಕಲ್ರಿ.”

“ಆಯ್ತಪ್ಪ,” ಎಂದರು ಕಾಕಾ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಹೀಗೆ ಕೋಣೆ ನಿಂತದ್ದು ಕುಬರಾಳ ಮೇಲೆ, ಕುಬರಾ ನಿಂತದ್ದು ಕೋಣೆಯ ಮೇಲೆ. ಔರಾದಿನ ಒಂದು ಝೆರಾಕ್ಸ್ ಅಂಗಡಿಯ ಅಕ್ಕ, ಕನ್ನಡ ಟೈಪಿಂಗ್ ಚುರುಕಾದರೆ ಕೆಲಸಕ್ಕೆ ಇಟ್ಟುಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಆ ಮಾತಿಗಾಗಿಯೇ ಅಮ್ಮಿ ಎರಡನೆಯ ವರ್ಷವೂ ಅವಳನ್ನು ದಾದಿಯ ಬಳಿ ಬಿಟ್ಟಿದ್ದು. ಬಕ್ರೀದಿಗೆ ಊರಿಗೆ ಬಂದಾಗ ಅಮ್ಮಿ ನೆಟ್ಟಗೆ ಹೇಳಿದರು: ನಾಳೆ ಬಂದು ಕಣ್ಣಾರೆ ನೋಡುತ್ತೇನೆ. ಟೈಪಿಂಗ್ ಕೈಗೆ ಹತ್ತಿದ್ದರೆ ಇಲ್ಲೇ ಇರು. ಇಲ್ಲವಾದರೆ ನಮ್ಮ ಸಂಗಡ ನಡೆ. ಅಲ್ಲಿ ನಾನು ಇಟ್ಟಿಗೆ ಹೊರಲು ಹೋದರೆ ನಿನ್ನ ತಮ್ಮನನ್ನು ನೋಡುವವರು ಯಾರು?

ಅವಳು ಕಾಕಾ ಅವರಿಗೆ ತಿಳಿಸಿದಳು. ಇಬ್ಬರೂ ಕೂತು ಅವಳ ಆಟೊಸ್ಟಾರ್ಟನ್ನು ಸಿದ್ಧ ಮಾಡಿದರು. ಅವಳು ಒಳಗೆ ಹೋದ ಕೂಡಲೇ ಒಂದು ಖಾಲಿ ಹಾಳೆ ತಾನಾಗಿಯೇ ತೆರೆಯಬೇಕು, ಕನ್ನಡ ಕೀಲಿಮಣೆ ತಯಾರಿರಬೇಕು. ಅಮ್ಮಿ ಹೇಳುತ್ತ ಹೋಗಬೇಕು, ಅವಳು ಹೊಡೆಯುತ್ತ ಹೋಗಬೇಕು. ಆ ದಿನ ಎಲ್ಲವೂ ಸರಿಯಾಗಿತ್ತು. ಸ್ವಲ್ಪ ನಿಧಾನ ಅನಿಸಿತು, ಅಷ್ಟೇ. ಹಳೆಯ ಕಂಪ್ಯೂಟರು, ನಿಧಾನವೇ ಅದರ ಗುಣ ಅಂದುಕೊಂಡರು.

ಮರುದಿನ ಅಮ್ಮಿ ಬುರ್ಖಾ ಹಾಕಿಕೊಂಡು, ತಮ್ಮನನ್ನು ಸೊಂಟಕ್ಕೆ ಎತ್ತಿಕೊಂಡು ಬಂದರು. ಬೆಳಿಗ್ಗೆ ಹೋದ ಮಕ್ಕಳ ಹೆಸರುಗಳನ್ನು ಎಂದಿನಂತೆ ತೆರೆದಿಟ್ಟಿದ್ದ ಕಾಕಾ ಬೆಂಚು ಒರೆಸಿದರು.

“ಬರ್ರಿ ಬಾಯಿ. ಕೂಡ್ರಿ. ನಿಮ್ಮ ಮಗಳು ನಮ್ಮ ಮೇಡಂ ಈಗ.”

“ಮೇಡಂ ಮನ್ಯಾಗ ಬಾಯಿನೇ ಬಿಡಾಂಗಿಲ್ರಿ,” ಎಂದು ಅಮ್ಮಿ ನಕ್ಕರು. “ಇಲ್ಲಿ ಮಾತಾಡ್ತಾಳ?”

“ಇಲ್ಲೂ ಇಲ್ರಿ. ಬೆರಳು ಮಾತಾಡ್ತಾವ.”

ಕುಬರಾ ತನ್ನ ಹೆಸರು ಒತ್ತಿ ಗುಪ್ತಪದ ಕೊಟ್ಟಳು. ಪರದೆ ಕಪ್ಪಾಯಿತು. ಕಣ್ಣು ಮಿಟುಕಿಸುವುದರಲ್ಲಿ ಮತ್ತೆ ಹೆಸರುಗಳ ಪರದೆಯೇ ಬಂತು. ಕೈ ತಪ್ಪಿರಬೇಕೆಂದು ಮತ್ತೊಮ್ಮೆ ಕೊಟ್ಟಳು. ಮತ್ತೆ ಕಪ್ಪು, ಮತ್ತೆ ಹೆಸರುಗಳು. ಕಾಕಾ ತಮ್ಮ ಹೆಸರು ಕೊಟ್ಟು ನೋಡಿದರು. ಅದೂ ಹಾಗೆಯೇ. ಗುಪ್ತಪದ ತಪ್ಪು ಎಂದೂ ಅದು ಹೇಳುತ್ತಿರಲಿಲ್ಲ. ಸರಿ ಎಂದು ಒಳಗೆ ಬಿಟ್ಟುಕೊಂಡು ಅಲ್ಲಿಂದಲೇ ಹೊರಗೆ ಕಳಿಸುತ್ತಿತ್ತು.

“ಇದೇನ್ರಿ ಕಾಕಾ,” ಎಂದರು ಅಮ್ಮಿ, “ಬಾಗಲಾ ತಗೀತದ, ಒಳಗ ಕೂಡಸಾಂಗಿಲ್ಲ? ನಮಗ ಕೂಲಿಗಿ ಒಯ್ಯೋ ಮುಕಾದಮನ ಮನಿ ಇದ್ದಂಗ ಅದಲ್ಲ.”

ಕಾಕಾ ನಗಲು ನೋಡಿದರು, ಆಗಲಿಲ್ಲ. ಬೀದರಿಗೆ ಫೋನು ಹಚ್ಚಿದರು. ರಶೀದ ಅಹ್ಮದರು ಹೇಳಿದ ಮೂರು ಕೀಲಿಗಳನ್ನು ಕೂಡಿಸಿ ಒತ್ತಿದಾಗ ಬರೀ ಅಕ್ಷರದ ಕಪ್ಪು ಪರದೆ ಬಂತು. ಅಲ್ಲಿ ಮಾತ್ರ ಒಳಗೆ ಹೋಗಲು ಸಾಧ್ಯವಾಯಿತು. ಅವರು ಹೇಳಿದ್ದನ್ನು ಕುಬರಾ ಹೊಡೆದಳು. ಡಿಸ್ಕು ಪೂರ್ತಿ ತುಂಬಿದೆ ಎಂದು ಬಂತು.

“ಹಂಗೇ ಅಂದ್ಕೊಂಡೆ,” ಎಂದರು ರಶೀದ ಅಹ್ಮದರು. ಫೋನಿನ ದನಿ ಕೋಣೆಗೆಲ್ಲ ಕೇಳುತ್ತಿತ್ತು. “ಡೆಸ್ಕ್‌ಟಾಪು ಏಳಬೇಕಂದ್ರ ಎರಡು ಅಕ್ಷರ ಬರೀಲಿಕ್ಕರ ಜಾಗ ಬೇಕು. ಅಷ್ಟೂ ಇಲ್ಲ ಅದಕ್ಕ. ಯಾರ್ದು ತುಂಬ್ಯದ ನೋಡ್ರಿ.”

ನೋಡಿದರೆ ಊರು ಬಿಟ್ಟ ಮಕ್ಕಳ ಫೋಲ್ಡರುಗಳೇ ಉಬ್ಬಿದ್ದವು. ಒಬ್ಬೊಬ್ಬರದರಲ್ಲೂ ಒಂದೇ ಫೈಲು ದೊಡ್ಡದಾಗಿತ್ತು, ಪ್ರೋಗ್ರಾಮುಗಳ ತಪ್ಪುಗಳನ್ನು ಮಷೀನು ಬರೆದಿಡುವ ಫೈಲು.

“ಅವರು ಇಲ್ಲಲ್ಲ? ಮತ್ತ ಹ್ಯಾಂಗ ತುಂಬ್ತದ?” ಎಂದು ಕೇಳಿದರು ರಶೀದ ಅಹ್ಮದರು. “ಯಾರರ ತಗೀತಾರೇನು?”

ಕಾಕಾ ದೀಪದ ವಿಷಯ ಹೇಳಿದರು. ದಿನಾ ಬೆಳಿಗ್ಗೆ ಎಲ್ಲರನ್ನೂ ಎಬ್ಬಿಸುವುದು, ಯಾರನ್ನೂ ಮುಚ್ಚದೆ ಇರುವುದು.

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. “ಅಲ್ರಿ ಕಾಶೀರಾಮ ಭಾಯಿ! ಒಬ್ಬರು ಕೂಡೋ ಕುರ್ಚಿ ಮ್ಯಾಲ ಇಡೀ ಊರಿಗೇ ಕೂಡಿಸೀರಿ. ಮೆಮೊರಿ ಸಾಲಾಂಗಿಲ್ಲ, ಅದಕ್ಕ ಮಷೀನು ಒಬ್ಬೊಬ್ಬರದೂ ಟೈಪಿಂಗ್ ಕೆಡವ್ತದ. ನೀವು @ ಹಾಕೀರಿ, ಅದು ಮತ್ತ ಏಳ್ತದ. ಮತ್ತ ಕೆಡವ್ತದ. ಬಿದ್ದಾಗೊಮ್ಮಿ ಒಂದು ತಕರಾರು ಬರ್ದಿಡ್ತದ. ಬೆಳಿಗ್ಗಿಂದ ಸಂಜಿತನಕ, ದಿನಾ. ಮಕ್ಕಳು ಹೈದರಾಬಾದಿನಾಗ, ಅವರ ತಕರಾರು ಇಲ್ಲಿ.”

ಕಾಕಾ ಫೋನನ್ನು ಇನ್ನೊಂದು ಕೈಗೆ ಬದಲಿಸಿದರು.

“ಫಿಕರ್ ಮಾಡಬ್ಯಾಡ್ರಿ. ಆ ಫೈಲು ತಗದು ಹಾಕ್ರಿ, ಅದರಾಗ ಮಕ್ಕಳದು ಏನೂ ಇಲ್ಲ.”

ಅಳಿಸುವ ಕೆಲಸ ಕಾಕಾ ತಾವೇ ಮಾಡುತ್ತೇನೆಂದರು. ಮಚ್ಛೇಂದ್ರನ ಹೆಸರು, ಸುಭದ್ರಾಳ ಹೆಸರು, ಯಾಕೂಬನ ಹೆಸರು. ಒಂದೊಂದರೊಳಗೂ ಹೋಗಿ, ಫೈಲಿನ ಹೆಸರನ್ನು ಬೆರಳಿಟ್ಟು ಓದಿ, ಮಕ್ಕಳು ಬಿಡಿಸಿದ ಚಿತ್ರ, ಬರೆದ ಪಾಠ ಅದರ ಸಂಗಡ ಹೋಗುವುದಿಲ್ಲವೆಂದು ಕುಬರಾಳನ್ನು ಕೇಳಿ, ಮತ್ತೆ ಓದಿ, ಆಮೇಲೆಯೇ ಒತ್ತುವರು. ಬೇಗ ಮಾಡಿರಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದ್ದರೂ ಅವರು ಬೇಗ ಮಾಡುತ್ತಿರಲಿಲ್ಲ.

ಅರ್ಧ ಹೆಸರು ಮುಗಿದಿರಬೇಕು, ಕರೆಂಟು ಹೋಯಿತು.

ಬ್ಯಾಟರಿ ಯಾವಾಗಲೋ ಸತ್ತಿತ್ತು. ತಗಡು ಕಾಯತೊಡಗಿತು. ತಮ್ಮ ಅಳಲು ಹತ್ತಿದ. ಅಮ್ಮಿ ಹೊರಗೆ ಹೋಗಿ ಬೇವಿನ ನೆರಳಲ್ಲಿ ನಿಂತು ಕಾದರು. ಬಹಳ ಹೊತ್ತು ಕಾದರು, ಅದನ್ನು ಬರೆಯಲೇಬೇಕು. ಆಮೇಲೆ ಒಳಗೆ ಬಗ್ಗಿ ನೋಡಿದರು.

“ನನಗ ನಿಮ್ಮ ಮ್ಯಾಲ ಸಿಟ್ಟಿಲ್ರಿ ಕಾಕಾ. ಬಂದ ದಿನಾನೇ ಹಿಂಗಾದ್ರ, ನಾ ಇಲ್ಲದ ದಿನ ಹ್ಯಾಂಗ ಅಂತ ತಿಳೀಬೇಕು? ನಮ್ಮ ಅತ್ತಿ ಮಂಡಿ ಏಳಲ್ದು. ವಯಸ್ಸಿಗಿ ಬಂದ ಪೋರಿ. ಯಾವ ಧೈರ್ಯದ ಮ್ಯಾಲ ಬಿಟ್ಟು ಹೋಗ್ಲಿ?”

“ಸಂಜಿತನಕ ಟೈಮ್ ಕೊಡ್ರಿ ಬಾಯಿ.”

“ಮುಕಾದಮ ಕೊಡಾಂಗಿಲ್ರಿ.”

ಮನೆಗೆ ಹೋದ ಅಮ್ಮಿ ಮುಕಾದಮನಿಗೆ ಫೋನು ಮಾಡಿ, ಈ ಸಲ ಮಗಳೂ ಬರುತ್ತಾಳೆ, ಅತ್ತೆಯೂ ಬರುತ್ತಾರೆ ಎಂದು ಹೇಳಿಬಿಟ್ಟರು. ದಾದಿ ಕುಲಸುಮಬೀ ಗೋಡೆಗೆ ಮುಖ ಮಾಡಿ ಮಲಗಿದರು.

ಹೊತ್ತು ಇಳಿದ ಮೇಲೆ ಕರೆಂಟು ಬಂತು. ಕಾಕಾ ಉಳಿದ ಹೆಸರುಗಳನ್ನೂ ಹಾಗೆಯೇ ನಿಧಾನವಾಗಿ ಮುಗಿಸಿದರು. ಕುಬರಾ ತನ್ನ ಹೆಸರು ಕೊಟ್ಟಳು. ಚಿತ್ರ ಬಂತು, ಪಟ್ಟಿ ಬಂತು, ಖಾಲಿ ಹಾಳೆ ತೆರೆದು ನಿಂತಿತು. ಇಷ್ಟು ಬೇಗ ಆ ಕಂಪ್ಯೂಟರು ಎಂದೂ ಎದ್ದಿರಲಿಲ್ಲ. ಅವಳು ಓಡಿಹೋಗಿ ಅಮ್ಮಿಯನ್ನು ಕರೆದಳು. ಅಮ್ಮಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

“ಚಾಲೂ ಆಯ್ತಾ? ಛಲೋ ಆಯ್ತು ಬೇಟಿ,” ಎಂದರು. ಚೀಲ ಬಿಟ್ಟು ಏಳಲಿಲ್ಲ.

ಅವಳು ಕೋಣೆಗೆ ಮರಳಿ ಬಂದಾಗ ಏಕನಾಥ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ಸುದ್ದಿ ಅಷ್ಟರಲ್ಲೇ ಮುಟ್ಟಿತ್ತು. ಅವರಿಗೂ ಸಂಕೋಚವಾಗಿತ್ತು, ಅದಕ್ಕೇ ಕಾಕಾ ಅವರ ಕಡೆ ಬೆನ್ನು ಮಾಡಿ ಅಳೆಯುತ್ತಿದ್ದರು.

ಕಾಕಾ ಪರದೆಯ ಮುಂದೆ ಕೂತಿದ್ದರು. ಕುಬರಾಳ ಖಾಲಿ ಹಾಳೆ ಹಾಗೆಯೇ ತೆರೆದಿತ್ತು.

“ಮಷೀನು ಬೀದರಿಗಿ ಒಯ್ದು ರಶೀದ ಭಾಯಿಗಿ ಕೊಡ್ತೇನಿ,” ಎಂದರು. “ಅವರು ಬ್ಯಾರೆ ಎಲ್ಲೋ ಹಚ್ತಾರಂತ. ಕೊಡೂ ಮುಂದ ಹೆಸರೆಲ್ಲ ತಗೀರಿ ಅಂದಾರ. ಉಳಿದವರದು ನಾ ತಗೀತೇನಿ. ತಗೀಲಿಕ್ಕೇ ಬೇಕು. ನಿಂದು…”

ಮಾತು ಮುಗಿಸದೆ ಬೇರೆಯದೇ ಕೇಳಿದರು, “ನಿಮ್ಮ ಮನಿ ದೀಪ ಯಾರಿಗಿ ಒಪ್ಪಿಸ್ಯಾರ?”

“ಕೌಸಲ್ಯಾ ಕಾಕಿಗೇರಿ,” ಎಂದಳು ಕುಬರಾ.

“ಹೂಂ. ಅವಳಿಗಿ ಅದು ಬರ್ತದ.”

ಹೆಸರುಗಳನ್ನು ಮುಚ್ಚದೆ ಇಟ್ಟದ್ದು ತಪ್ಪೆಂದು ಕಾಕಾ ಅಂದೂ ಹೇಳಲಿಲ್ಲ, ಸರಿ ಎಂದೂ ಹೇಳಲಿಲ್ಲ. ಕೊಳಾರದಲ್ಲಿ ಮತ್ತೆ ಎಲ್ಲಾದರೂ ಕಾವಲಿನ ಕೆಲಸ ಕೇಳಿ ನೋಡುತ್ತಾರಂತೆ. ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆಂದು ಕೌಸಲ್ಯಾಬಾಯಿ ಓಣಿಯಲ್ಲಿ ಅನ್ನುತ್ತಿದ್ದರು. ಔರಾದಿನ ಅಂಗಡಿಯ ಅಕ್ಕನಿಗೆ ಫೋನು ಮಾಡಿ ಹೇಳಿದ್ದೂ ಆಯಿತು. ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ನಾಳೆ ಬೆಳಿಗ್ಗೆ ಟ್ಯಾಂಕರಿಗೆ ಹೋಗುವ ಕೆಲಸವಿಲ್ಲ. ಕುಬರಾ ಕೋಣೆಗೆ ಹೋಗುತ್ತಾಳೆ, ಕಾಕಾ ಅವರ ಹೆಸರಿನಿಂದ ಒಳಗೆ ಹೋಗಿ ತನ್ನ ಹೆಸರನ್ನು ತಾನೇ ಅಳಿಸುತ್ತಾಳೆ, ಕಂಪ್ಯೂಟರು ಆರಿಸಿ ಬಟ್ಟೆ ಮುಚ್ಚುತ್ತಾಳೆ. ಆಮೇಲೆ ದಾದಿಯ ಕೈ ಹಿಡಿದು ಭಾಲ್ಕಿಯ ಬಸ್ಸು ಹತ್ತುತ್ತಾಳೆ.